ಕೈಗೆ ಕಸುಬು, ಕಸುಬಿಗೆ ಮಾನ: ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕು

ಸ್ವಾತಂತ್ರ್ಯ ಹೋರಾಟದ ಪಾಠ ಮಾಡುವಾಗ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಿದ ಮಹಿಳೆಯರ ಪಟ್ಟಿಯಲ್ಲಿ ಅವರೊಬ್ಬರು. ಮಕ್ಕಳು ಆ ಹೆಸರಿನ ಕೆಳಗೆ ಗೆರೆ ಎಳೆಯುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಮಂಗಳೂರಿನಲ್ಲಿ ಹುಟ್ಟಿದ ಈ ಮಹಿಳೆ ಸ್ವಾತಂತ್ರ್ಯ ಬಂದ ಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬದುಕಿದ್ದರು. ಆ ದಶಕಗಳಲ್ಲಿ ಅವರು ಹಿಡಿದ ಕೆಲಸ ಪಠ್ಯಪುಸ್ತಕದ ಆ ಸಾಲಿನಲ್ಲಿ ಇಲ್ಲ. ಮಣ್ಣು, ಮರ, ನೂಲು, ಲೋಹಗಳಲ್ಲಿ ಕೈಯಿಂದ ಕೆಲಸ ಮಾಡುವವರಿಗೆ ಮತ್ತೆ ಕೆಲಸ ಸಿಗುವಂತೆ, ಕೂಲಿ ಸಿಗುವಂತೆ, ಹೆಸರು ಸಿಗುವಂತೆ ಮಾಡುವುದೇ ಆ ಕೆಲಸ. ಇಂದು ನಾವು ಕರಕುಶಲ ಮೇಳಕ್ಕೆ ಹೋಗುತ್ತೇವೆ, ಕುಶಲಕರ್ಮಿಯೊಬ್ಬರಿಗೆ ರಾಷ್ಟ್ರಪ್ರಶಸ್ತಿ ಬಂದ ಸುದ್ದಿ ಓದುತ್ತೇವೆ. ಇವುಗಳ ಹಿಂದಿರುವ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಅವರದು ಮೊದಲ ಸಾಲಿನ ಹೆಸರು.

ಈ ಲೇಖನ ಅವರ ಬದುಕನ್ನು ಆ ಕೆಲಸದ ಕಡೆಯಿಂದ ನೋಡುತ್ತದೆ. ಹಾಗೆ ನೋಡಿದಾಗ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಎಳೆಯ ವಯಸ್ಸಿನಲ್ಲಿಯೇ ಸಂಪ್ರದಾಯದ ಕಟ್ಟನ್ನು ಮುರಿದು ಹೊರಬಂದ ಹೆಣ್ಣುಮಗಳು, ಮುಂದೆ ಪರಂಪರೆಯಿಂದ ಬಂದ ಕಸುಬುಗಳನ್ನು ಉಳಿಸಲು ಬದುಕಿನ ಅರ್ಧವನ್ನು ಕೊಟ್ಟದ್ದು ಹೇಗೆ? ಮೇಲುನೋಟಕ್ಕೆ ಎರಡೂ ಒಂದಕ್ಕೊಂದು ವಿರುದ್ಧ. ಶಿಕ್ಷಕರಾಗಲಿರುವವರಿಗೆ ಈ ಪ್ರಶ್ನೆಯ ಉತ್ತರ ಬಹಳ ಮುಖ್ಯ. ಏಕೆಂದರೆ ನಾಳೆ ನಮ್ಮ ತರಗತಿಯಲ್ಲಿ ಕುಂಬಾರರ ಮಗಳೂ, ಅಕ್ಕಸಾಲಿಯ ಮಗನೂ, ನೇಕಾರರ ಮಕ್ಕಳೂ ಕೂತಿರುತ್ತಾರೆ.

ಮಂಗಳೂರಿನ ಮನೆ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ. ಆಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಓದು ಬಲ್ಲವರು, ಸ್ವಂತ ಅಭಿಪ್ರಾಯವುಳ್ಳವರು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ ಮೊದಲಾದ ಸುಧಾರಕರು ಆ ಕುಟುಂಬಕ್ಕೆ ಪರಿಚಿತರು. ದೇಶದ ಮಾತು, ಹೆಣ್ಣುಮಕ್ಕಳ ಓದಿನ ಮಾತು ಆ ಮನೆಯಲ್ಲಿ ಹೊಸದಾಗಿರಲಿಲ್ಲ.

ಬಾಲಕಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೂ ಹೆಣ್ಣುಮಗಳಿಗೂ ಸಿಕ್ಕಿದ್ದು ತಿಂಗಳ ಜೀವನಾಂಶದ ಭರವಸೆ ಮಾತ್ರ. ಗಿರಿಜಾಬಾಯಿ ಅದನ್ನು ಬೇಡವೆಂದರು. ತವರಿನಿಂದ ತಮಗೆ ಬಂದಿದ್ದರಲ್ಲಿಯೇ ಮಗಳನ್ನು ಬೆಳೆಸಿದರು. ಹಕ್ಕಾಗಿ ಬರಬೇಕಾದದ್ದು ದಯೆಯಾಗಿ ಬಂದರೆ ಅದನ್ನು ತಿರಸ್ಕರಿಸಬಹುದು ಎಂಬುದನ್ನು ಮಗಳು ಕಣ್ಣಾರೆ ಕಂಡಳು. ಮುಂದೆ ಕುಶಲಕರ್ಮಿಗಳ ನಡುವೆ ದುಡಿಯುವಾಗ ಕಮಲಾದೇವಿ ದಾನದ ದಾರಿಯನ್ನು ಬಿಟ್ಟು ಸಹಕಾರದ ದಾರಿಯನ್ನು ಹಿಡಿದದ್ದಕ್ಕೆ ಈ ಮನೆಯಲ್ಲಿಯೇ ಬೇರು ಇತ್ತೆಂದು ಹೇಳಿದರೆ ತಪ್ಪಾಗಲಾರದು.

1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಯಿತು. ಎರಡೇ ವರ್ಷದಲ್ಲಿ ಗಂಡ ತೀರಿಕೊಂಡರು. ಆ ಕಾಲದ ಮೇಲ್ಜಾತಿಯ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ ಬದುಕು ಹೇಗಿರುತ್ತಿತ್ತೆಂಬುದನ್ನು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಬಳೆ ಒಡೆಯುವುದು, ಹೂವು ಕಿತ್ತೆಸೆಯುವುದು, ಕುಂಕುಮ ಅಳಿಸುವುದು. ಕೈಯ ಒಡವೆ ಹೋಯಿತೆಂದರೆ ಬದುಕಿನ ಬಾಗಿಲೂ ಮುಚ್ಚಿತೆಂದೇ ಅರ್ಥ. ಕಮಲಾದೇವಿ ಆ ಬಾಗಿಲ ಹಿಂದೆ ಕೂರಲಿಲ್ಲ. ಓದು ಮುಂದುವರಿಸಿದರು, ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಅವರ ಸ್ನೇಹವಾಯಿತು. ಆ ಮೂಲಕ ಕವಿ, ನಾಟಕಕಾರ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಭಾಷೆ ಬೇರೆ, ಪ್ರಾಂತ್ಯ ಬೇರೆ, ಮೇಲಾಗಿ ವಿಧವೆಯ ಮರುಮದುವೆ. ಬಂಧುಬಳಗದ ಆಕ್ಷೇಪಗಳ ನಡುವೆಯೇ ಇಬ್ಬರೂ ಮದುವೆಯಾದರು. ಮುಂದೆ ಈ ದಾಂಪತ್ಯ ವಿಚ್ಛೇದನದಲ್ಲಿ ಮುಗಿಯಿತು. ಆದರೆ ನಾಟಕ, ಸಂಗೀತಗಳ ನಂಟು ಕಮಲಾದೇವಿಯವರಿಗೆ ಕೊನೆಯವರೆಗೂ ಉಳಿಯಿತು. ಕುಲೀನ ಮನೆಯ ಹೆಣ್ಣುಮಕ್ಕಳು ರಂಗಕ್ಕೆ ಕಾಲಿಡದಿದ್ದ ಕಾಲದಲ್ಲಿ ಅವರು ನಟಿಸಿದರು. 1931ರಲ್ಲಿ ತೆರೆಕಂಡ, ಮೃಚ್ಛಕಟಿಕದ ಕಥೆಯನ್ನು ಆಧರಿಸಿದ ಕನ್ನಡದ ಮೂಕಿ ಚಿತ್ರದಲ್ಲಿಯೂ ಪಾತ್ರ ವಹಿಸಿದರು.

ಉಪ್ಪಿನ ಪೊಟ್ಟಣ

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಕಮಲಾದೇವಿಯವರು ಅಸಹಕಾರ ಚಳವಳಿಯ ಸುದ್ದಿ ಕೇಳಿ 1923ರಲ್ಲಿ ಭಾರತಕ್ಕೆ ಮರಳಿ ಸೇವಾದಳ ಸೇರಿದರು. 1926ರಲ್ಲಿ ಮದ್ರಾಸ್ ಪ್ರಾಂತೀಯ ಶಾಸನಸಭೆಯ ಚುನಾವಣೆಗೆ ನಿಂತರು. ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆಯೆಂದು ಅವರನ್ನು ಗುರುತಿಸಲಾಗುತ್ತದೆ. ಬಹಳ ಕಡಿಮೆ ಅಂತರದಲ್ಲಿ ಸೋತರು. ಮರುವರ್ಷ ಪುಣೆಯಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದರು. ಹೆಣ್ಣುಮಕ್ಕಳ ಶಿಕ್ಷಣದ ಸುಧಾರಣೆಯೇ ಆ ಸಮ್ಮೇಳನದ ಮೊದಲ ಗುರಿಯಾಗಿತ್ತು. 1932ರಲ್ಲಿ ದೆಹಲಿಯಲ್ಲಿ ಪ್ರಾರಂಭವಾದ ಲೇಡಿ ಇರ್ವಿನ್ ಕಾಲೇಜು ಆ ಸಂಘಟನೆಯ ಪ್ರಯತ್ನದ ಫಲ.

1930ರ ದಂಡಿಯಾತ್ರೆಗೆ ಗಾಂಧೀಜಿ ಮಹಿಳೆಯರನ್ನು ಸೇರಿಸಿಕೊಂಡಿರಲಿಲ್ಲ. ಇದು ಸರಿಯಲ್ಲವೆಂದು ಕಮಲಾದೇವಿ ನೇರವಾಗಿ ಅವರೊಡನೆಯೇ ವಾದಿಸಿದರು. ಉಪ್ಪು ಅಡುಗೆಮನೆಯ ವಸ್ತು, ಅದರ ಹೋರಾಟದಿಂದ ಅಡುಗೆಮನೆಯವರನ್ನೇ ಹೊರಗಿಡುವುದು ಹೇಗೆ ಎಂಬುದು ಆ ವಾದದ ಸಹಜವಾದ ತಿರುಳು. ಕೊನೆಗೆ ಮಹಿಳೆಯರಿಗೂ ಕರೆ ಬಂತು. ಬೊಂಬಾಯಿಯಲ್ಲಿ ಉಪ್ಪಿನ ಕಾನೂನು ಮುರಿದ ಮೊದಲ ತಂಡದಲ್ಲಿ ಕಮಲಾದೇವಿ ಇದ್ದರು. ಸಮುದ್ರದ ನೀರನ್ನು ಒಲೆಯ ಮೇಲೆ ಕಾಯಿಸಿ ಉಪ್ಪು ತೆಗೆದು, ಪೊಟ್ಟಣ ಕಟ್ಟಿ, ಬೊಂಬಾಯಿಯ ಷೇರುಪೇಟೆಯೊಳಕ್ಕೇ ನುಗ್ಗಿ ಮಾರಿದರು. ಜೈಲಿಗೂ ಹೋದರು.

ಈ ಘಟನೆಯನ್ನು ನಾವು ಧೈರ್ಯದ ಉದಾಹರಣೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಉಪ್ಪು ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತಿದ್ದ ವಸ್ತು. ಆ ಪೊಟ್ಟಣವನ್ನು ಜನ ಮುಗಿಬಿದ್ದು ಕೊಂಡದ್ದು ರುಚಿಗಲ್ಲ, ಅದನ್ನು ಯಾರು ಮಾಡಿದರು, ಏಕೆ ಮಾಡಿದರು ಎಂಬುದು ಗೊತ್ತಿದ್ದುದರಿಂದ. ಮಾಡಿದವರ ಕೈ ಕೊಂಡವರಿಗೆ ಕಾಣುತ್ತಿತ್ತು. ಮಾಡುವವರಿಗೂ ಬಳಸುವವರಿಗೂ ನಡುವೆ ಇರುವ ಈ ನಂಟು ಕಡಿದುಹೋದರೆ ಯಾವ ಕೈಕೆಲಸವೂ ಉಳಿಯದು. ಇಪ್ಪತ್ತು ವರ್ಷಗಳ ನಂತರ ಕಮಲಾದೇವಿ ಕೈಹಾಕಿದ ಕೆಲಸದ ಸಾರವೂ ಆ ನಂಟನ್ನು ಮತ್ತೆ ಬೆಸೆಯುವುದೇ ಆಗಿತ್ತು.

ನಿರಾಶ್ರಿತರ ಊರು

ಸ್ವಾತಂತ್ರ್ಯ ಬಂದಾಗ ಕಮಲಾದೇವಿಯವರಿಗೆ 44 ವರ್ಷ. ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ ವಹಿಸಿದ್ದವರು, ಹಲವು ಸಲ ಸೆರೆಮನೆ ಕಂಡವರು. ಅಧಿಕಾರದ ಸ್ಥಾನಗಳು ದೂರವಿರಲಿಲ್ಲ. ಆದರೆ ಅವರು ಹೋದದ್ದು ನಿರಾಶ್ರಿತರ ಶಿಬಿರಗಳ ಕಡೆಗೆ. ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಮನೆಮಠ ಕಳೆದುಕೊಂಡು ದೆಹಲಿಯ ಸುತ್ತ ಬಂದು ಬಿದ್ದಿದ್ದರು. ಡೇರೆ, ಗಂಜಿ, ಕಂಬಳಿ ಕೊಡುವುದು ಒಂದು ಕ್ರಮ. ಆ ಜನ ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡುವುದು ಇನ್ನೊಂದು ಕ್ರಮ. ಕಮಲಾದೇವಿ ಎರಡನೆಯದನ್ನು ಆರಿಸಿಕೊಂಡರು. ಸಹಕಾರಿ ತತ್ವದ ಮೇಲೆ ನಿರಾಶ್ರಿತರ ಊರು ಕಟ್ಟುವ ಯೋಜನೆಯನ್ನು ಗಾಂಧೀಜಿಯವರ ಮುಂದಿಟ್ಟಾಗ, ಸರ್ಕಾರದ ನೆರವನ್ನು ನೆಚ್ಚಿಕೊಳ್ಳಬಾರದೆಂಬ ಷರತ್ತಿನೊಂದಿಗೆ ಅವರು ಒಪ್ಪಿಗೆ ಕೊಟ್ಟರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿತು.

ಮೊದಲು ದೆಹಲಿಯ ಹತ್ತಿರದ ಛತರ್‌ಪುರದಲ್ಲಿ ಸಹಕಾರಿ ಬೇಸಾಯ. ಆಮೇಲೆ ಫರಿದಾಬಾದ್. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಹತ್ತಾರು ಸಾವಿರ ಜನ ಅಲ್ಲಿ ನೆಲೆಸಬೇಕಿತ್ತು. ನಿರಾಶ್ರಿತರೇ ಸಹಕಾರ ಸಂಘ ಕಟ್ಟಿಕೊಂಡು, ಗಾರೆ ಕೆಲಸ, ಇಟ್ಟಿಗೆ ಕೆಲಸ ಕಲಿತು, ತಮ್ಮ ಮನೆಗಳನ್ನು ತಾವೇ ಕಟ್ಟಿದರು. ಅಲ್ಲಿಯವರೆಗೆ ಆ ಕೆಲಸ ಮಾಡಿ ಗೊತ್ತಿಲ್ಲದವರೂ ಅವರಲ್ಲಿದ್ದರು. ಮನೆ ಕಳೆದುಕೊಂಡವರಿಗೆ ಮನೆಯನ್ನು ಕೊಡುವುದಕ್ಕೂ, ಮನೆ ಕಟ್ಟುವ ಕೈಯನ್ನು ಕೊಡುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಕೈಕೆಲಸ ಕೇವಲ ಅಂದದ ವಿಷಯವಲ್ಲ, ಮುರಿದುಬಿದ್ದ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುವ ಬಲವೂ ಅದರಲ್ಲಿದೆ ಎಂಬುದನ್ನು ಫರಿದಾಬಾದ್ ತೋರಿಸಿಕೊಟ್ಟಿತು.

ಕೈಕೆಲಸದವರ ನಡುವೆ

1952ರಲ್ಲಿ ಎರಡು ಬೆಳವಣಿಗೆಗಳಾದವು. ದೆಹಲಿಯ ಜನಪಥದಲ್ಲಿದ್ದ ಸರ್ಕಾರಿ ಗುಡಿ ಕೈಗಾರಿಕೆಗಳ ಮಳಿಗೆಯ ಆಡಳಿತ ಕೋಆಪರೇಟಿವ್ ಯೂನಿಯನ್ನಿನ ಕೈಗೆ ಬಂತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಯಿತು. ಅದರ ಚುಕ್ಕಾಣಿ ಹಿಡಿದ ಕಮಲಾದೇವಿ ಸುಮಾರು 20 ವರ್ಷ ಅದನ್ನು ನಡೆಸಿದರು.

ಅಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ನೂರು ವರ್ಷಗಳಿಗೂ ಹೆಚ್ಚು ಕಾಲದ ಗಿರಣಿ ಸರಕಿನ ಪೈಪೋಟಿ ಹಳ್ಳಿಯ ಕಸುಬುಗಳನ್ನು ಸೊರಗಿಸಿತ್ತು. ಆಶ್ರಯ ಕೊಡುತ್ತಿದ್ದ ಅರಮನೆಗಳು ಸಂಸ್ಥಾನಗಳ ವಿಲೀನದೊಂದಿಗೆ ಕೈಬಿಟ್ಟವು. ಸ್ವತಂತ್ರ ಭಾರತದ ಕಣ್ಣೆಲ್ಲ ದೊಡ್ಡ ಅಣೆಕಟ್ಟು, ದೊಡ್ಡ ಕಾರ್ಖಾನೆಗಳ ಮೇಲಿತ್ತು. ಕೈಕೆಲಸವೆಂದರೆ ಹಳೆಯ ಕಾಲದ ಉಳಿಕೆ, ಅದು ತಾನಾಗಿಯೇ ಸಾಯುತ್ತದೆ ಎಂಬ ಭಾವನೆ ಓದಿದವರಲ್ಲಿ ಸಾಮಾನ್ಯವಾಗಿತ್ತು. ಇಂಥ ಹೊತ್ತಿನಲ್ಲಿ ಕಮಲಾದೇವಿ ಊರೂರು ತಿರುಗಿದರು. ಕುಶಲಕರ್ಮಿಗಳನ್ನು ಕಚೇರಿಗೆ ಕರೆಸುವ ಬದಲು ಅವರು ಕೆಲಸ ಮಾಡುವ ಜಗಲಿಗೆ, ಕುಲುಮೆಗೆ, ಮಗ್ಗದ ಗುಂಡಿಯ ಪಕ್ಕಕ್ಕೆ ಹೋಗಿ ಕೂತರು. ಕಚ್ಚಾಮಾಲು ಎಲ್ಲಿಂದ ಬರುತ್ತದೆ, ಸಾಲ ಕೊಟ್ಟವನು ಯಾರು, ಮಾಲು ಕೊಳ್ಳುವವನು ಎಷ್ಟು ಕೊಡುತ್ತಾನೆ, ಮಗ ಈ ಕೆಲಸ ಕಲಿಯುತ್ತಿದ್ದಾನೆಯೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಲ್ಲಿಯೇ.

ಅವರ ಕಾಲದಲ್ಲಿ ಮಂಡಳಿ ಮಾಡಿದ ಕೆಲಸ ಹಲವು ಬಗೆಯದು. ವಿನ್ಯಾಸ ಕೇಂದ್ರಗಳು ಬಂದವು, ಅವುಗಳಲ್ಲೊಂದು ಬೆಂಗಳೂರಿನಲ್ಲಿ. ಹಳೆಯ ಮಾದರಿಗಳು ಕಣ್ಮರೆಯಾಗದಂತೆ ದೆಹಲಿಯಲ್ಲಿ ಕರಕುಶಲ ವಸ್ತುಗಳ ಸಂಗ್ರಹ ಆರಂಭವಾಯಿತು, ಮುಂದೆ ಅದೇ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವಾಗಿ ಬೆಳೆಯಿತು. ನುರಿತ ಹಿರಿಯರ ಬಳಿ ಕಿರಿಯರು ಕೂಲಿ ಪಡೆಯುತ್ತ ಕಲಿಯುವ ತರಬೇತಿ ಕೇಂದ್ರಗಳು ತೆರೆದವು. 1965ರಲ್ಲಿ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಕ್ರಮ ಆರಂಭವಾಯಿತು. ಅಲ್ಲಿಯವರೆಗೆ ಮಾಡಿದ ವಸ್ತುವಿಗಷ್ಟೇ ಮೆಚ್ಚುಗೆ ಸಿಗುತ್ತಿತ್ತು. ಅದನ್ನು ಮಾಡಿದವರು ಹೆಸರಿಲ್ಲದವರಾಗಿ ಉಳಿಯುತ್ತಿದ್ದರು. ಈಗ ಅವರ ಹೆಸರು ಪತ್ರಿಕೆಯಲ್ಲಿ ಬಂತು.

ಒಂದು ಉದಾಹರಣೆ ಸಾಕು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ದೇವಾಲಯಗಳಿಗಾಗಿ ಬಟ್ಟೆಯ ಮೇಲೆ ಪುರಾಣದ ಕಥೆಗಳನ್ನು ಬರೆಯುವ ಕಲಂಕಾರಿ ಕಲೆ ಇತ್ತು. ಹತ್ತಿಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸಬೇಕು. ಬಿದಿರುಕಡ್ಡಿಗೆ ಉಣ್ಣೆ ಸುತ್ತಿ ಮಾಡಿದ ಲೇಖನಿಯಿಂದ ಗೆರೆ ಎಳೆಯಬೇಕು. ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಿನಲ್ಲಿ ಕೊಳೆಯಿಸಿದರೆ ಕಪ್ಪು, ಪಟಿಕ ಹಚ್ಚಿ ಬೇರಿನ ಬಣ್ಣದಲ್ಲಿ ಕುದಿಸಿದರೆ ಕೆಂಪು. ನಡುನಡುವೆ ಹರಿಯುವ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಐವತ್ತರ ದಶಕದ ಹೊತ್ತಿಗೆ ಇದನ್ನು ಬಲ್ಲ ಹಿರಿಯರು ಬೆರಳೆಣಿಕೆಯಷ್ಟಿದ್ದರು. ಆ ದಶಕದ ಕೊನೆಯ ವರ್ಷಗಳಲ್ಲಿ ಮಂಡಳಿ ಅಲ್ಲಿ ತರಬೇತಿ ಕೇಂದ್ರ ತೆರೆದು, ಉಳಿದಿದ್ದ ಹಿರಿಯರನ್ನೇ ಗುರುಗಳನ್ನಾಗಿ ಕೂರಿಸಿತು. ಇಂದು ಶ್ರೀಕಾಳಹಸ್ತಿಯಲ್ಲಿ ಹಲವು ಕುಟುಂಬಗಳು ಆ ಕೆಲಸದಿಂದಲೇ ಬದುಕುತ್ತಿವೆ. ಜೈಪುರದ ನೀಲಿ ಕುಂಬಾರಿಕೆಯ ಕಥೆಯೂ ಹೀಗೆಯೇ. ಶಾಂತಿನಿಕೇತನದಲ್ಲಿ ಕಲಿತ ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತ್ ಅದಕ್ಕೆ ಮರುಜೀವ ಕೊಟ್ಟಾಗ ಕಮಲಾದೇವಿಯವರ ಬೆಂಬಲ ಅವರ ಹಿಂದಿತ್ತು.

ಈ ಉದಾಹರಣೆಯನ್ನು ಶಿಕ್ಷಣದ ಕಣ್ಣಿನಿಂದಲೂ ನೋಡಬೇಕು. ಕಲಂಕಾರಿಯ ಜ್ಞಾನ ಪುಸ್ತಕದಲ್ಲಿ ಇರಲಿಲ್ಲ, ಕೆಲವು ಮುದುಕರ ಬೆರಳುಗಳಲ್ಲಿತ್ತು. ಅವರು ಕಲಿಸದೆ ತೀರಿಹೋಗಿದ್ದರೆ ಒಂದು ಗ್ರಂಥಾಲಯವೇ ಸುಟ್ಟಷ್ಟು ನಷ್ಟ. ಅದನ್ನು ಉಳಿಸಿದ್ದು ಗುರುವಿನ ಪಕ್ಕದಲ್ಲಿ ಶಿಷ್ಯನನ್ನು ಕೂರಿಸಿ, ಇಬ್ಬರ ಹೊಟ್ಟೆಗೂ ದಾರಿ ಮಾಡಿದ ಸರಳ ಏರ್ಪಾಡು.

ದಿನಬಳಕೆಯ ಚೆಲುವು

ಕಮಲಾದೇವಿಯವರ ವಿಚಾರದಲ್ಲಿ ಒಂದು ನಂಬಿಕೆ ಮತ್ತೆ ಮತ್ತೆ ಕಾಣುತ್ತದೆ. ನಮ್ಮ ಜನಜೀವನದಲ್ಲಿ ಉಪಯೋಗ ಬೇರೆ, ಚೆಲುವು ಬೇರೆ ಎಂದು ಇರಲಿಲ್ಲ ಎಂಬುದೇ ಅದು. ನೀರು ತರುವ ಕೊಡಕ್ಕೆ ಕಂಠದಲ್ಲೊಂದು ಗೆರೆ, ತೊಟ್ಟಿಲಿನ ಕಾಲಿಗೆ ಬಣ್ಣದ ಪಟ್ಟಿ, ಕೌದಿಗೆ ಹೊಲಿಗೆಯ ಸಾಲು, ಹೊಸ್ತಿಲಿಗೆ ರಂಗೋಲಿ. ಇವೆಲ್ಲ ಪ್ರದರ್ಶನಕ್ಕಾಗಿ ಮಾಡಿದ್ದಲ್ಲ, ದಿನವೂ ಬಳಸಲು ಮಾಡಿದ್ದು. ಬೆಳಗ್ಗೆ ಬಿಟ್ಟ ರಂಗೋಲಿ ಸಂಜೆಯ ಹೊತ್ತಿಗೆ ಅಳಿಸಿಹೋಗುತ್ತದೆ, ಮರುದಿನ ಮತ್ತೆ ಬಿಡುತ್ತಾರೆ. ಅದನ್ನು ಬಿಡುವವರಿಗೆ ಕಲಾವಿದೆ ಎಂಬ ಬಿರುದು ಬೇಕಿಲ್ಲ. ಮಾಡುವ ಹೊತ್ತಿನ ಸಂತೋಷ ಮತ್ತು ದಾರಿಹೋಕರ ಒಂದು ನೋಟ ಸಾಕು.

ಒಡವೆಯ ವಿಷಯವೂ ಹಾಗೆಯೇ. ಊರಿನ ಅಕ್ಕಸಾಲಿ ಯಾರ ಕಿವಿಗೆ ಯಾವ ಓಲೆ ಒಪ್ಪುತ್ತದೆ ಎಂದು ಬಲ್ಲವನು. ಅವನು ಮಾಡಿದ ಬುಗುಡಿ, ಅಡ್ಡಿಗೆ, ಕಾಲ್ಗೆಜ್ಜೆಗಳು ತೂಕದ ಚಿನ್ನ ಬೆಳ್ಳಿ ಮಾತ್ರವಲ್ಲ, ಮನೆತನದ ನೆನಪೂ ಹೌದು. ಲಂಬಾಣಿ ಹೆಂಗಸರು ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಬಟ್ಟೆಗೆ ಹೊಲಿದು ಬಟ್ಟೆಯನ್ನೇ ಒಡವೆ ಮಾಡಿಕೊಂಡರು. ಇದಕ್ಕೆ ಬೇಕಾದದ್ದು ಸಿರಿತನವಲ್ಲ, ಕಣ್ಣು ಮತ್ತು ಕೈ. ಕಮಲಾದೇವಿಯವರ ಛಾಯಾಚಿತ್ರಗಳಲ್ಲಿ ಕಾಣುವ ಕೈಮಗ್ಗದ ಸೀರೆ, ಕುಶಲಕರ್ಮಿಗಳು ಮಾಡಿದ ಒಡವೆಗಳು ಇದೇ ನಂಬಿಕೆಯನ್ನು ಹೇಳುತ್ತವೆ. ಹದಿನಾರನೆಯ ವಯಸ್ಸಿನಲ್ಲಿ ಯಾವ ಅಲಂಕಾರವನ್ನು ಸಮಾಜ ನಿನಗಿಲ್ಲವೆಂದಿತೋ ಅದನ್ನೇ ಅವರು ಮುಂದೆ ತಮ್ಮ ಇಷ್ಟದಂತೆ, ಮಾಡಿದವರ ಮೇಲಿನ ಗೌರವದಿಂದ ಧರಿಸಿದರು.

ಕಟ್ಟು ಯಾವುದು, ಕಸುಬು ಯಾವುದು

ಈಗ ಆರಂಭದ ಪ್ರಶ್ನೆಗೆ ಬರೋಣ. ಸಂಪ್ರದಾಯವನ್ನು ಮುರಿದವರು ಪರಂಪರೆಯನ್ನು ಉಳಿಸಿದ್ದು ಹೇಗೆ? ಅವರ ಬದುಕನ್ನು ಒಟ್ಟಾಗಿ ನೋಡಿದರೆ ಉತ್ತರ ಕಾಣುತ್ತದೆ. ಹಿಂದಿನಿಂದ ಬಂದದ್ದರಲ್ಲಿ ಎರಡು ಬಗೆ. ಹುಟ್ಟಿನ ಕಾರಣಕ್ಕೆ ಮನುಷ್ಯರನ್ನು ಕಟ್ಟಿಹಾಕುವುದು ಒಂದು, ಕಲಿತವರ ಕೈಗೆ ಬಲ ಕೊಡುವುದು ಇನ್ನೊಂದು. ಬಾಲ್ಯವಿವಾಹ, ವಿಧವೆಯ ನಿರ್ಬಂಧ, ಆಸ್ತಿಯಲ್ಲಿ ಹೆಣ್ಣಿಗೆ ಪಾಲಿಲ್ಲದಿರುವುದು ಮೊದಲನೆಯ ಬಗೆ. ಮಗ್ಗ, ಕುಲುಮೆ, ತಿಗರಿಗಳ ಜ್ಞಾನ ಎರಡನೆಯ ಬಗೆ. ಕಮಲಾದೇವಿ ಮೊದಲನೆಯದನ್ನು ಬಿಟ್ಟರು, ಎರಡನೆಯದನ್ನು ಹಿಡಿದರು.

ಆದರೆ ನಮ್ಮ ಸಮಾಜದಲ್ಲಿ ಇವೆರಡೂ ಹೆಣೆದುಕೊಂಡಿವೆ ಎಂಬುದನ್ನು ಶಿಕ್ಷಕರು ಮರೆಯಬಾರದು. ಕಸುಬು ಜಾತಿಗೆ ಅಂಟಿಕೊಂಡಿದೆ. ಚರ್ಮದ ಕೆಲಸ, ಬುಟ್ಟಿ ಹೆಣೆಯುವ ಕೆಲಸ ಮಾಡುವವರ ಮಕ್ಕಳು ಶಾಲೆಯಲ್ಲಿ ಅದೇ ಕಾರಣಕ್ಕೆ ಅವಮಾನ ಉಂಡದ್ದುಂಟು. ಅಂಥ ಮಗುವಿಗೆ ನಿನ್ನ ಅಪ್ಪನ ಕಸುಬು ಶ್ರೇಷ್ಠ, ಅದನ್ನೇ ಮುಂದುವರಿಸು ಎಂದರೆ ಅದು ಗೌರವವಲ್ಲ, ಹಳೆಯ ಕಟ್ಟನ್ನೇ ಹೊಸ ದಾರದಿಂದ ಬಿಗಿದಂತೆ. ಶಿಕ್ಷಣ ಹಕ್ಕು ಕಾಯ್ದೆ 2009 ಆರರಿಂದ ಹದಿನಾಲ್ಕು ವರ್ಷದ ಮಗುವಿನ ಜಾಗ ಶಾಲೆಯೆಂದು ಹೇಳುತ್ತದೆ. ಕಲಿಕೆಗೂ ದುಡಿಮೆಗೂ ನಡುವಿನ ಗೆರೆಯನ್ನು ಕಾಪಾಡುವುದು ನಮ್ಮ ಹೊಣೆ.

ಹಾಗಾದರೆ ಸರಿಯಾದ ದಾರಿ ಯಾವುದು? ಕಸುಬನ್ನು ಜಾತಿಯಿಂದ ಬಿಡಿಸಿ ಜ್ಞಾನದ ಸಾಲಿನಲ್ಲಿ ಇಡುವುದು. ಕುಂಬಾರರ ಮಗಳು ಎಂಜಿನಿಯರ್ ಆಗಲಿ, ಎಂಜಿನಿಯರನ ಮಗ ತಿಗರಿಯ ಮುಂದೆ ಕೂತು ಮಣ್ಣು ಹಿಡಿಯಲಿ. ತಿಗರಿ ತಿರುಗಿಸುವ ಕೆಲಸಕ್ಕೆ ಕಣ್ಣಳತೆ, ಕೈಯ ಒತ್ತಡ, ಮಣ್ಣಿನ ಹದ, ಬೆಂಕಿಯ ಅರಿವು ಬೇಕೆಂದು ಇಡೀ ತರಗತಿ ತಿಳಿದರೆ, ಆ ಮಗಳು ತಲೆ ಎತ್ತಿ ಕೂರುತ್ತಾಳೆ. ಮುಂದೆ ಯಾವ ಕೆಲಸ ಆರಿಸಿಕೊಳ್ಳಬೇಕೆಂಬುದು ಅವಳ ಆಯ್ಕೆ.

ತರಗತಿಗೆ ತಂದಾಗ

ಕೈಕೆಲಸವನ್ನು ಶಿಕ್ಷಣದೊಳಗೆ ತರುವ ಮಾತು ನಮ್ಮಲ್ಲಿ ಹಳೆಯದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬನ್ನೇ ಕೇಂದ್ರವಾಗಿಸಿದ ಮೂಲಶಿಕ್ಷಣವನ್ನು ಮುಂದಿಟ್ಟರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರೂಪುಗೊಳ್ಳುವಾಗ ಪರಂಪರೆಯ ಕರಕುಶಲಗಳಿಗಾಗಿಯೇ ಒಂದು ತಜ್ಞರ ಗುಂಪು ಕೆಲಸ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಂದು ಸ್ಥಳೀಯ ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಕಲಿಯಲಿ ಎಂದು ಸೂಚಿಸಿದೆ. ಹೆಸರು ಬದಲಾದವು, ಆಶಯ ಉಳಿಯಿತು. ಆದರೆ ವೇಳಾಪಟ್ಟಿಯಲ್ಲಿ ಈ ಅವಧಿ ಎಷ್ಟೋ ಕಡೆ ಗಣಿತ ಶಿಕ್ಷಕರು ಪಾಠ ಮುಗಿಸಿಕೊಳ್ಳುವ ಅವಧಿಯಾಗಿಯೇ ಕಳೆದುಹೋಗುತ್ತದೆ.

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಕಮಲಾದೇವಿಯವರ ಬದುಕಿನಿಂದ ಮೂರು ಕ್ರಮಗಳನ್ನು ತರಗತಿಗೆ ಒಯ್ಯಬಹುದು. ಮೊದಲನೆಯದು, ಕೆಲಸದ ಜಾಗಕ್ಕೆ ಹೋಗುವುದು. ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಯಾರು ಯಾರು ಕೈಯಿಂದ ಏನು ಮಾಡುತ್ತಾರೆ ಎಂಬ ನಕ್ಷೆಯನ್ನು ಮಕ್ಕಳೇ ಬರೆಯಲಿ. ಅಕ್ಕಸಾಲಿ, ದರ್ಜಿ, ಹೂಮಾಲೆ ಕಟ್ಟುವವರು, ಕೌದಿ ಹೊಲಿಯುವ ಅಜ್ಜಿ, ಚಾಪೆ ಹೆಣೆಯುವವರು, ಹಬ್ಬಕ್ಕೆ ಗಣಪತಿ ಮಾಡುವವರು. ಇಂಥವರಿಲ್ಲದ ಊರು ಸಿಗುವುದು ಕಷ್ಟ.

ಎರಡನೆಯದು, ವಸ್ತುವಿನ ಒಳಗಿರುವ ಪಾಠವನ್ನು ಬಿಡಿಸುವುದು. ಚನ್ನಪಟ್ಟಣದ ಗೊಂಬೆಯನ್ನೇ ತೆಗೆದುಕೊಳ್ಳಿ. ಹಾಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಗರಿಯಿಂದ ತಿಕ್ಕಿದರೆ ಹೊಳಪು. ವಿಜ್ಞಾನದ ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಚೆಂದದ ಆರಂಭ ಬೇಕೆ? ಬೀದರಿನ ಬಿದ್ರಿ ಪಾತ್ರೆಯಲ್ಲಿ ಸತು ಹೆಚ್ಚು, ತಾಮ್ರ ಸ್ವಲ್ಪ. ಕೊರೆದ ಗೆರೆಗಳಿಗೆ ಬೆಳ್ಳಿ ತುಂಬಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿದ ದ್ರಾವಣ ತಾಗಿಸಿದಾಗ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಒಂದೇ ದ್ರಾವಣಕ್ಕೆ ಎರಡು ಲೋಹಗಳು ಬೇರೆ ಬೇರೆಯಾಗಿ ವರ್ತಿಸುವುದು ರಸಾಯನ ವಿಜ್ಞಾನದ ಪ್ರಶ್ನೆ. ರಂಗೋಲಿಯ ಚುಕ್ಕಿಯಲ್ಲಿ ಸಮಮಿತಿ, ಮಣಿಸರದಲ್ಲಿ ಸಂಖ್ಯಾವಿನ್ಯಾಸ, ಅಕ್ಕಸಾಲಿಯ ತಕ್ಕಡಿಯಲ್ಲಿ ದಶಮಾಂಶ ಇವೆ.

ಮೂರನೆಯದು, ಬೆಲೆಯ ಲೆಕ್ಕ. ಹೆಚ್ಚಿನ ಪಾಠ ಯೋಜನೆಗಳು ಇದನ್ನು ಬಿಟ್ಟುಬಿಡುತ್ತವೆ. ಒಂದು ಬುಟ್ಟಿ ಹೆಣೆಯಲು ಎಷ್ಟು ಗಂಟೆ ಹಿಡಿಯಿತು, ಬಿದಿರಿಗೆ ಎಷ್ಟು ಖರ್ಚಾಯಿತು, ಮಾರಿದಾಗ ಎಷ್ಟು ಸಿಕ್ಕಿತು, ಗಂಟೆಗೆ ಎಷ್ಟು ಬಿತ್ತು ಎಂದು ಮಕ್ಕಳು ಬುಟ್ಟಿ ಹೆಣೆಯುವವರನ್ನೇ ಕೇಳಿ ಲೆಕ್ಕ ಹಾಕಲಿ. ಆಮೇಲೆ ಸಂತೆಯಲ್ಲಿ ಚೌಕಾಸಿ ಮಾಡುವ ಮುನ್ನ ಅವರು ಒಂದು ಕ್ಷಣ ಯೋಚಿಸುತ್ತಾರೆ. ಮಾಡುವವರ ಹೊಟ್ಟೆ ತುಂಬದಿದ್ದರೆ ಕಲೆಯ ಹೊಗಳಿಕೆಗೆ ಅರ್ಥವಿಲ್ಲವೆಂಬ ಕಮಲಾದೇವಿಯವರ ಜೀವನಪೂರ್ತಿಯ ಕೆಲಸ ಆ ಒಂದು ಲೆಕ್ಕದಲ್ಲಿ ಮಕ್ಕಳಿಗೆ ಅರ್ಥವಾಗುತ್ತದೆ.

ಕೊನೆಯ ವರ್ಷಗಳು

1964ರಲ್ಲಿ ಭಾರತೀಯ ಕರಕುಶಲ ಪರಿಷತ್ತು ಕಮಲಾದೇವಿಯವರ ಮುಂದಾಳತ್ವದಲ್ಲಿ ಆರಂಭವಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ರೂಪುಗೊಂಡ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪಕರಲ್ಲಿಯೂ ಅವರಿದ್ದರು. ಬೆಂಗಳೂರಿನ ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕಥಕ್ ಅಂಡ್ ಕೊರಿಯಾಗ್ರಫಿ ಸಂಸ್ಥೆಯ ಹುಟ್ಟಿನ ಹಿಂದೆಯೂ ಅವರ ಹೆಸರಿದೆ. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. ಭಾರತದ ಕರಕುಶಲಗಳು, ಕಸೂತಿ, ಮಹಿಳಾ ಚಳವಳಿ ಇವುಗಳ ಬಗ್ಗೆ ಹಲವು ಪುಸ್ತಕ ಬರೆದರು. 1986ರಲ್ಲಿ, 83ನೆಯ ವಯಸ್ಸಿನಲ್ಲಿ ಆತ್ಮಕಥನ ಪ್ರಕಟಿಸಿದರು. 1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ ತೀರಿಕೊಂಡರು. ಉತ್ತರ ಭಾರತದ ನೇಕಾರರಲ್ಲಿ ಅವರಿಗೆ ಕೈಮಗ್ಗದ ತಾಯಿ ಎಂಬ ಅರ್ಥದ ಹೆಸರೂ ಇತ್ತು.

ಅವರು ಕಟ್ಟಿದ್ದೆಲ್ಲವೂ ಅದೇ ರೂಪದಲ್ಲಿ ಉಳಿದಿಲ್ಲ. ಸಹಕಾರ ಸಂಘಗಳು ಎಲ್ಲೆಡೆ ಗೆಲ್ಲಲಿಲ್ಲ. ಅಖಿಲ ಭಾರತ ಕರಕುಶಲ ಮಂಡಳಿಯನ್ನು ಸರ್ಕಾರ 2020ರಲ್ಲಿ ರದ್ದುಮಾಡಿತು. ನಗರದ ಮಳಿಗೆಗಾಗಿ ಮಾಡಿದ ವಸ್ತು ಹಳ್ಳಿಯ ಅಡುಗೆಮನೆಗೆ ದುಬಾರಿಯಾಯಿತು. ಅಲ್ಲಿ ಮಣ್ಣಿನ ಕೊಡದ ಜಾಗಕ್ಕೆ ಪ್ಲಾಸ್ಟಿಕ್ ಕೊಡ ಬಂತು. ಹೀಗಾಗಿ ಅವರು ಆರಂಭಿಸಿದ ಕೆಲಸದ ದೊಡ್ಡ ಪಾಲು ಈಗ ಶಾಲೆಯ ಅಂಗಳಕ್ಕೆ ಬಂದು ನಿಂತಿದೆ. ಏಕೆಂದರೆ ನಾಳೆ ಕೊಳ್ಳುವವರೂ, ಮಾಡುವವರೂ, ಎರಡನ್ನೂ ಕಡೆಗಣಿಸುವವರೂ ಇಂದು ನಮ್ಮ ತರಗತಿಯಲ್ಲಿಯೇ ಇದ್ದಾರೆ.

ಮುಂದಿನ ಬಾರಿ ಶಾಲೆಯ ಗೋಡೆಗೆ ಕರಕುಶಲ ವಸ್ತುಗಳ ಚಾರ್ಟು ಅಂಟಿಸುವಾಗ ವಸ್ತುವಿನ ಹೆಸರಿನ ಜೊತೆಗೆ ಅದನ್ನು ಮಾಡಿದವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಬರೆಯಿರಿ. ಅವರನ್ನು ಒಂದು ದಿನ ತರಗತಿಗೆ ಕರೆಯಿರಿ, ನಿಮ್ಮ ಕುರ್ಚಿಯನ್ನು ಅವರಿಗೆ ಕೊಟ್ಟು ನೀವು ಮಕ್ಕಳ ಸಾಲಿನಲ್ಲಿ ಕೂತು ಕಲಿಯಿರಿ. ಆ ದಿನ ಅವರು ಕಳೆದುಕೊಳ್ಳುವ ಕೂಲಿಯನ್ನು ಶಾಲೆಯ ಖರ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಿ.